ಟೆನಿಸ್ ಕ್ಯಾರಿಕೇಚರ್ ಪೋಸ್ಟರ್ ಮಾಡಿಸಿದ್ವಿ: ಫೆಡರರ್ ಥೇಟ್ ಫೆಡರರ್, ಸೆರೆನಾ ಮಾತ್ರ ಯಾರೋ ಬೇರೆ

ಮಗಳ ಹನ್ನೊಂದನೇ ಹುಟ್ಟುಹಬ್ಬಕ್ಕೆ ಅಂತ ಬೆಂಗಳೂರಿನ ಒಂದು ಕ್ಯಾರಿಕೇಚರ್ ಸ್ಟುಡಿಯೋದಲ್ಲಿ ಪೋಸ್ಟರ್ ಮಾಡಿಸಿದೆ. ಅವಳು ಟೆನಿಸ್ ಆಡುತ್ತಾಳೆ. ಅವಳಿಗಿಷ್ಟವಾದ ನಾಲ್ಕು ಜನ ಒಂದೇ ಚಿತ್ರದಲ್ಲಿ ಬರಬೇಕಿತ್ತು: ಫೆಡರರ್, ನಡಾಲ್, ಸೆರೆನಾ ವಿಲಿಯಮ್ಸ್, ನವೋಮಿ ಒಸಾಕಾ. ಎ2 ಸೈಜು, ಕಪ್ಪು ಮರದ ಫ್ರೇಮು, ಡೆಲಿವರಿ ಸೇರಿ 4,200 ರೂಪಾಯಿ. ಸ್ಟುಡಿಯೋದ ಹೆಸರು ಬರೆಯುತ್ತಿಲ್ಲ. ತಪ್ಪು ಅವರೊಬ್ಬರದ್ದೇ ಅಲ್ಲ, ಜೊತೆಗೆ ಅವರು ಅದನ್ನು ಸರಿಪಡಿಸಿಯೂ ಕೊಟ್ಟರು. ಆದರೆ ಇಂಥ ಚಿತ್ರ ಮಾಡಿಸಬೇಕು ಅಂತಿರುವವರು ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಲಿ ಅನ್ನುವುದು ನನ್ನಾಸೆ.

ಚೆನ್ನಾಗಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಪ್ಯಾಕಿಂಗ್ ಗಟ್ಟಿಯಾಗಿತ್ತು, ಫ್ರೇಮಿನ ನಾಲ್ಕು ಮೂಲೆಗೂ ಥರ್ಮಾಕೋಲ್ ಸಿಕ್ಕಿಸಿದ್ದರು. ಪೇಪರ್ ದಪ್ಪ ಇದೆ, ಬಣ್ಣ ಕಣ್ಣಿಗೆ ಹೊಡೆಯುವುದಿಲ್ಲ. ಫೆಡರರ್ ಅಂತೂ ನೋಡಿದ ತಕ್ಷಣ ನಗು ಬರುವ ಹಾಗಿದ್ದಾರೆ: ಆ ಮೂಗು, ಹಣೆಪಟ್ಟಿ, ಒಂಟಿ ಕೈಯ ಬ್ಯಾಕ್‌ಹ್ಯಾಂಡು, ಇಷ್ಟು ಜೋರಾಗಿ ಹೊಡೆಯುವಾಗಲೂ ಬೆವರೇ ಇಲ್ಲದ ಮುಖ. ನಡಾಲ್ ಇನ್ನೂ ಚೆನ್ನ. ಒಂದು ಹುಬ್ಬು ಮೇಲೆ, ಕುಂಬಳಕಾಯಿ ಥರ ತೋಳು, ಕಾಲ ಹತ್ತಿರ ಎರಡು ನೀರಿನ ಬಾಟಲು, ಅವುಗಳ ಲೇಬಲ್ ಕೂಡ ಅಂಕಣದ ಕಡೆಗೇ ತಿರುಗಿವೆ. ನಡಾಲ್ ಆಟ ನೋಡಿದವರಿಗೆ ಆ ಬಾಟಲುಗಳ ಕಥೆ ಗೊತ್ತಿರುತ್ತದೆ: ಪಂದ್ಯದ ವೇಳೆ ಅವುಗಳನ್ನು ಹಾಗೇ ಲೆಕ್ಕ ಹಾಕಿ ಜೋಡಿಸಿಡುವುದು ಅವರ ಅಭ್ಯಾಸವಾಗಿತ್ತು. ಇಷ್ಟು ಗಮನ ಕೊಟ್ಟು ಬರೆದ ಕೈ ಸಾಮಾನ್ಯದ್ದಲ್ಲ.

ಆಮೇಲೆ ಉಳಿದಿಬ್ಬರನ್ನು ನೋಡಿದೆವು. ಮಗಳು ಚಿತ್ರದ ಬಲಗಡೆ ಬೆರಳಿಟ್ಟು, "ಅಮ್ಮಾ, ಇದು ಯಾರು?" ಅಂದಳು.

ಅದು ಸೆರೆನಾ. ಅರ್ಧ ಮುಖ ಬಾಯಿಯೇ. ಊದಿಕೊಂಡ ತುಟಿ, ಚಪ್ಪಟೆಯಾಗಿ ಕೆನ್ನೆವರೆಗೂ ಹರಡಿದ ಮೂಗು, ಪೊದೆಯಂತೆ ಮೇಲೆದ್ದ ಕೂದಲು, ಗೂಳಿಯಂಥ ಮೈ, ಕಾಲಡಿಯಲ್ಲಿ ಮುರಿದ ರ‍್ಯಾಕೆಟ್ಟು. ನನ್ನ ಮಗಳು ಸೆರೆನಾ ಸರ್ವ್ ಮಾಡುವ ವಿಡಿಯೋಗಳನ್ನು ನಿಧಾನಗೊಳಿಸಿ ಅದೆಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಚೆಂಡು ಮೇಲೆಸೆಯುವಾಗ ಎಡಗೈ ಹೇಗಿರುತ್ತೆ ಅಂತ ನನಗೆ ಮಾಡಿ ತೋರಿಸುತ್ತಾಳೆ. ಅಂಥವಳಿಗೇ ಗುರುತು ಸಿಗಲಿಲ್ಲ. ಎರಡನೇ ಪ್ರಶ್ನೆ, "ಒಸಾಕಾ ಎಲ್ಲಿ?" ಒಸಾಕಾ ಇದ್ದರು, ಹಿಂದೆ. ಬೆಳ್ಳಗೆ, ಸಣ್ಣಗೆ, ನೇರವಾದ ಹೊಂಬಣ್ಣದ ಕೂದಲಿನ ಹುಡುಗಿಯಾಗಿ. ಒಸಾಕಾ ಅವರ ತಂದೆ ಹೈಟಿಯವರು, ತಾಯಿ ಜಪಾನಿನವರು. ಅವರದು ಕಂದು ಮೈಬಣ್ಣ, ಗುಂಗುರು ಕೂದಲು. ಚಿತ್ರದಲ್ಲಿ ಅದರ ಸುಳಿವೇ ಇಲ್ಲ.

ಅಂಗೈಯಿಂದ ಫೆಡರರ್‌ರ ಬಟ್ಟೆ, ರ‍್ಯಾಕೆಟ್ಟು ಎಲ್ಲ ಮುಚ್ಚಿ ಬರೀ ಮುಖ ನೋಡಿದೆ. ಫೆಡರರ್ರೇ. ನಡಾಲ್‌ರನ್ನೂ ಹಾಗೇ ಮುಚ್ಚಿದೆ, ಹುಬ್ಬೊಂದೇ ಸಾಕಿತ್ತು. ಸೆರೆನಾ ಮುಖವನ್ನು ಹಾಗೆ ನೋಡಿದರೆ ಅಲ್ಲಿ ಯಾರೂ ಇಲ್ಲ. ಇವರು ಕಪ್ಪು ಹೆಂಗಸು ಅನ್ನುವುದು ಬಿಟ್ಟು ಆ ಮುಖ ಬೇರೇನೂ ಹೇಳುವುದಿಲ್ಲ.

ಸ್ಟುಡಿಯೋಗೆ ಫೋನ್ ಮಾಡಿದೆ. ಮಾಲೀಕರು ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಮಾತಾಡಿದರು. "ಮೇಡಂ, ಕ್ಯಾರಿಕೇಚರ್ ಅಂದ್ಮೇಲೆ ಸ್ವಲ್ಪ ಜಾಸ್ತಿ ಮಾಡ್ಲೇಬೇಕಲ್ವಾ? ಫೆಡರರ್ ಮೂಗೂ ಜಾಸ್ತಿ ಮಾಡಿದೀವಲ್ಲ" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಯಾವ ಫೋಟೋ ಇಟ್ಟುಕೊಂಡು ಬರೆದಿರಿ, ಸ್ವಲ್ಪ ಕಳಿಸಿ ಅಂದೆ. ವಾಟ್ಸಾಪಿನಲ್ಲಿ ಬಂತು. ಫೆಡರರ್, ನಡಾಲ್‌ಗೆ ನಾಲ್ಕೈದು ಫೋಟೋ. ಸೆರೆನಾಗೆ ಒಂದೇ ಒಂದು, ಅದೂ ಫೋಟೋ ಅಲ್ಲ, 2018ರ ಒಂದು ಕಾರ್ಟೂನು. ಒಸಾಕಾರನ್ನೂ ಅದರಿಂದಲೇ ಎತ್ತಿಕೊಂಡಿದ್ದರು. ಸೆರೆನಾ ಕಾರ್ಟೂನ್ ಅಂತ ಹುಡುಕಿದಾಗ ಕಲಾವಿದರಿಗೆ ಸಿಕ್ಕಿದ್ದು ಅದಂತೆ.

ಆ ಕಾರ್ಟೂನಿನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. 2018ರ ಸೆಪ್ಟೆಂಬರ್ 8, ನ್ಯೂಯಾರ್ಕ್‌ನಲ್ಲಿ ಯುಎಸ್ ಓಪನ್ ಫೈನಲ್. ಮಗು ಹುಟ್ಟಿ ಒಂದು ವರ್ಷಕ್ಕೆ ಸೆರೆನಾ 24ನೇ ಗ್ರ್ಯಾಂಡ್‌ಸ್ಲಾಮ್‌ಗಾಗಿ (ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದರ ಪಟ್ಟ) ಆಡುತ್ತಿದ್ದರು. ಎದುರಿಗೆ 20 ವರ್ಷದ ಒಸಾಕಾ. ಅಂಪೈರ್ ಕಾರ್ಲೋಸ್ ರಾಮೋಸ್, ಗ್ಯಾಲರಿಯಿಂದ ಕೋಚ್ ಸನ್ನೆ ಮಾಡಿದರು, ಆಗ ಅದಕ್ಕೆ ಅವಕಾಶವಿರಲಿಲ್ಲ, ಅಂತ ಮೊದಲ ಎಚ್ಚರಿಕೆ ಕೊಟ್ಟರು. ಸೆರೆನಾ ಸಿಟ್ಟಾದರು, ಆಮೇಲೆ ರ‍್ಯಾಕೆಟ್ ನೆಲಕ್ಕೆ ಬಡಿದು ಮುರಿದರು, ಒಂದು ಪಾಯಿಂಟ್ ಹೋಯಿತು. ಅಂಪೈರನ್ನು ಕಳ್ಳ ಅಂದರು, ಒಂದು ಗೇಮೇ ಹೋಯಿತು. ಒಸಾಕಾ 6-2, 6-4ರಲ್ಲಿ ಗೆದ್ದು, ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಜಪಾನಿ ಅನ್ನಿಸಿಕೊಂಡರು. ಆದರೆ ಪ್ರೇಕ್ಷಕರು ಕೂಗಾಡುತ್ತಿದ್ದ ಕಾರಣ ಗೆದ್ದ ಹುಡುಗಿ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಅತ್ತರು. ಕೂಗಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಂಡದ್ದು ಸೋತ ಸೆರೆನಾ. ಮರುದಿನ ಸೆರೆನಾಗೆ 17,000 ಡಾಲರ್ ದಂಡ ಬಿತ್ತು.

ಇದರಲ್ಲಿ ವ್ಯಂಗ್ಯಚಿತ್ರಕ್ಕೆ ಬೇಕಾದ್ದೆಲ್ಲ ಇದೆ. ಅಷ್ಟು ದೊಡ್ಡ ಆಟಗಾರ್ತಿ ಸಿಟ್ಟು ತಡೆಯಲಾರದೆ ರ‍್ಯಾಕೆಟ್ ಮುರಿದರೆ ಅದನ್ನು ಬರೆಯಬಾರದು ಅಂತ ಯಾರೂ ಹೇಳಲಾರರು. ಮೆಲ್ಬರ್ನ್‌ನ ಹೆರಾಲ್ಡ್ ಸನ್ ಪತ್ರಿಕೆಯಲ್ಲಿ ಮಾರ್ಕ್ ನೈಟ್ ಬರೆದರು. ಸೆರೆನಾ ಮುರಿದ ರ‍್ಯಾಕೆಟ್ ಮೇಲೆ ಕುಣಿಯುತ್ತಿದ್ದಾರೆ, ಪಕ್ಕದಲ್ಲಿ ಮಗುವಿನ ಬಾಯಿಗಿಡುವ ನಿಪ್ಪಲ್ ಬಿದ್ದಿದೆ, ಹಿಂದೆ ಅಂಪೈರ್ ಎದುರಾಳಿ ಹುಡುಗಿಗೆ ಸುಮ್ನೆ ಅವಳನ್ನ ಗೆಲ್ಲೋಕೆ ಬಿಟ್ಟುಬಿಡ್ತೀಯಾ ಅನ್ನೋ ಅರ್ಥದಲ್ಲಿ ಕೇಳುತ್ತಿದ್ದಾರೆ. ಆ ನಿಪ್ಪಲ್ ನಿಜಕ್ಕೂ ಒಳ್ಳೆಯ ಹೊಳಹು. ಮಗುವಿನ ಥರ ಹಟ ಮಾಡಿದರು ಅಂತ ಒಂದೇ ಗೆರೆಯಲ್ಲಿ ಹೇಳಿಬಿಡುತ್ತದೆ. ಆದರೆ ಕುಣಿಯುತ್ತಿದ್ದವರ ಮುಖ ಸೆರೆನಾದಲ್ಲ. ಎದುರಾಳಿ ಹುಡುಗಿಯೂ ಹೊಂಗೂದಲಿನ ಬಿಳಿಯಳಾಗಿದ್ದಳು.

ಆ ಮುಖ ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ. 19ನೇ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಸುಟ್ಟ ಬೆಂಡಿನ ಮಸಿ ಬಳಿದುಕೊಂಡು, ಬಾಯಿಯ ಸುತ್ತ ದೊಡ್ಡದಾಗಿ ಬಣ್ಣ ಹಚ್ಚಿಕೊಂಡು ಕಪ್ಪು ಜನರನ್ನು ಆಡಿಕೊಳ್ಳುವ ಪ್ರದರ್ಶನ ಕೊಡುತ್ತಿದ್ದರು. ಜಿಮ್ ಕ್ರೋ ಅನ್ನುವುದು ಅಂಥದ್ದೇ ಒಂದು ಪಾತ್ರದ ಹೆಸರು, ಮುಂದೆ ಕಪ್ಪು ಜನರನ್ನು ದೂರ ಇಟ್ಟ ಕಾನೂನುಗಳಿಗೇ ಆ ಹೆಸರು ಅಂಟಿಕೊಂಡಿತು. ಆ ವೇಷದ ಮುಖ ಪೋಸ್ಟರಿಗೆ, ಪತ್ರಿಕೆಗೆ, ಸೋಪಿನ ಜಾಹೀರಾತಿಗೆ ಹೋಯಿತು. ಎಲ್ಲ ಕಡೆ ಒಂದೇ ಮುಖ. ಅಚ್ಚು ಇದ್ದ ಹಾಗೆ.

ಆಟಗಾರರನ್ನೂ ಅದೇ ಅಚ್ಚಿಗೆ ಹಾಕಿದರು. ಜ್ಯಾಕ್ ಜಾನ್ಸನ್ ಹೆಸರು ಕೇಳಿರಬಹುದು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ, ಬಾಕ್ಸಿಂಗ್ ಹೆವಿವೇಟ್ ಪಟ್ಟ ಪಡೆದ ಮೊದಲ ಕಪ್ಪು ಮನುಷ್ಯ. 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಬೇಕಾಯಿತು. 1910ರ ಜುಲೈ 4ರಂದು ಅಮೆರಿಕದ ರೀನೋ ಊರಿನಲ್ಲಿ, ನಿವೃತ್ತಿಯಿಂದ ಎಬ್ಬಿಸಿ ತಂದ ಬಿಳಿಯ ಮಾಜಿ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನೂ ಸೋಲಿಸಿದ. ಆ ಸಿಟ್ಟಿಗೆ ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳಾದವು, ಜನ ಸತ್ತರು. ಜಾನ್ಸನ್ ಫೋಟೋ ನೋಡಿ: ನುಣ್ಣಗೆ ಬೋಳಿಸಿದ ತಲೆ, ಚಿನ್ನ ಕಟ್ಟಿಸಿದ ಹಲ್ಲು, ಎದುರಾಳಿಯನ್ನು ಕೆಣಕುವ ನಗು, ಒಳ್ಳೊಳ್ಳೆ ಸೂಟು. ವ್ಯಂಗ್ಯಚಿತ್ರಕಾರನಿಗೆ ಹಬ್ಬವಾಗಬೇಕಿದ್ದ ಮುಖ ಅದು. ಆದರೂ ಆ ಕಾಲದ ಪತ್ರಿಕೆಗಳ ಎಷ್ಟೋ ಚಿತ್ರಗಳಲ್ಲಿ ಅವನ ಮುಖವೇ ಇಲ್ಲ. ಅದೇ ತುಟಿ, ಅದೇ ಗುಡ್ಡೆ ಕಣ್ಣು. ಕಣ್ಣೆದುರಿನ ಮನುಷ್ಯನನ್ನು ನೋಡುವ ಕೆಲಸವನ್ನೇ ಯಾರೂ ಮಾಡಲಿಲ್ಲ.

ಹಾಗಾಗಿ ಸ್ಟುಡಿಯೋ ಮಾಲೀಕರಿಗೆ ಹೇಳಿದೆ: ನೀವು ಫೆಡರರ್ ಮೂಗು ಜಾಸ್ತಿ ಮಾಡಿದ್ದೀರಿ, ಅದು ಫೆಡರರ್‌ದೇ ಮೂಗು. ಸೆರೆನಾ ಚಿತ್ರದಲ್ಲಿ ಜಾಸ್ತಿ ಮಾಡಿರೋದು ಸೆರೆನಾದ್ದಲ್ಲ. ಎಂ.ಜಿ. ರಸ್ತೆ ಹತ್ತಿರದ ಕಾರ್ಟೂನ್ ಗ್ಯಾಲರಿಗೆ ಹೋಗಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಇಂದಿರಾ ಗಾಂಧಿ ಅಂದರೆ ಆ ಮೂಗು, ಮುಂಗೂದಲಿನ ಬಿಳಿ ಪಟ್ಟೆ. ಬೇರೆ ಯಾವ ಹೆಂಗಸಿಗೂ ಅದನ್ನು ಅಂಟಿಸೋಕಾಗಲ್ಲ.

ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಆದ್ರೆ ಮೇಡಂ, ಆಸ್ಟ್ರೇಲಿಯಾದಲ್ಲಿ ಅದು ತಪ್ಪಲ್ಲ ಅಂತ ತೀರ್ಪಾಗಿತ್ತಲ್ಲ?" ಅಂದರು. ನಿಜ. ನೈಟ್ ಕಾರ್ಟೂನು ಕಪ್ಪು ಜನರನ್ನು ಅವಮಾನಿಸುತ್ತದೆ ಅನ್ನುವ ದೂರು ಬಂದಿತ್ತು, 2019ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಪ್ರೆಸ್ ಕೌನ್ಸಿಲ್, ಕಾರ್ಟೂನು ತನ್ನ ನಿಯಮಗಳನ್ನು ಮುರಿದಿಲ್ಲ ಅಂದಿತು. ಕೆಲವು ಓದುಗರಿಗೆ ಅದು ನೋವು ತಂದಿದೆ ಅನ್ನುವುದನ್ನು ಒಪ್ಪಿಕೊಂಡೇ ಹಾಗೆ ಹೇಳಿತು. ನೈಟ್ ಕೂಡ ತಾನು ಬರೆದದ್ದು ನಡವಳಿಕೆಯ ಬಗ್ಗೆ, ಬಣ್ಣದ ಬಗ್ಗೆ ಅಲ್ಲ ಅಂತಲೇ ಹೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ಸೆರೆನಾ ಮಾಡಿದ್ದು ಸರಿ ಅಂತಲೂ ಅಲ್ಲ. ಆದರೆ ನಡವಳಿಕೆಯನ್ನು ಆಡಿಕೊಳ್ಳೋಕೆ ನಿಪ್ಪಲ್ ಇತ್ತು, ಮುರಿದ ರ‍್ಯಾಕೆಟ್ಟಿತ್ತು, ಅಷ್ಟು ಸಾಕಿತ್ತು. ಆ ತುಟಿ ಅಲ್ಲಿ ಯಾವ ನಡವಳಿಕೆ ತೋರಿಸುತ್ತಿತ್ತು? ಪತ್ರಿಕೆಯವರು ಎರಡು ದಿನ ಬಿಟ್ಟು ಸೆರೆನಾ ಚಿತ್ರವನ್ನು ಟ್ರಂಪ್ ಮುಂತಾದವರ ಕಾರ್ಟೂನುಗಳ ಜೊತೆ ಮುಖಪುಟಕ್ಕೇ ಹಾಕಿ, ಹೀಗಾದರೆ ಯಾರನ್ನೂ ಬರೆಯುವ ಹಾಗಿಲ್ಲ ಅಂತ ವಾದಿಸಿದರು. ನನಗೆ ಆ ಪುಟವೇ ಉತ್ತರ ಅನ್ನಿಸುತ್ತದೆ. ಟ್ರಂಪ್ ತಲೆಗೂದಲು ಜಗತ್ತಿನಲ್ಲಿ ಟ್ರಂಪ್ ಒಬ್ಬರದ್ದೇ.

ಒಸಾಕಾರನ್ನು ಬೆಳ್ಳಗೆ ಮಾಡುವುದು ಮತ್ತೂ ಒಂದು ಸಲ ಆಯಿತು, ಅದೂ ಅವರನ್ನು ಮೆಚ್ಚಿಕೊಂಡವರಿಂದಲೇ. 2019ರ ಜನವರಿಯಲ್ಲಿ ಅವರ ಪ್ರಾಯೋಜಕ ಕಂಪನಿ ನಿಸ್ಸಿನ್ ನೂಡಲ್ಸ್ ಒಂದು ಅನಿಮೇಷನ್ ಜಾಹೀರಾತು ಮಾಡಿತು. ಅದರಲ್ಲಿ ಒಸಾಕಾಗೆ ಬಿಳಿ ಮೈಬಣ್ಣ, ತಿಳಿ ಕಂದು ಕೂದಲು. ಟೀಕೆ ಬಂದಮೇಲೆ ಕಂಪನಿ ಕ್ಷಮೆ ಕೇಳಿ ತೆಗೆದುಹಾಕಿತು. ಒಸಾಕಾ ಬಹಳ ಸಮಾಧಾನದಿಂದ ಮಾತಾಡಿದರು. ನನ್ನ ಮೈಬಣ್ಣ ಏನು ಅಂತ ನೋಡಿದರೇ ಗೊತ್ತಾಗುತ್ತೆ, ಬೇಕಂತ ಮಾಡಿರಲಿಕ್ಕಿಲ್ಲ, ಮುಂದಿನ ಸಲ ನನ್ನನ್ನೊಮ್ಮೆ ಕೇಳಲಿ ಅನ್ನುವ ಧಾಟಿಯಲ್ಲಿ. ಅದೇ ತಿಂಗಳು ಆಸ್ಟ್ರೇಲಿಯನ್ ಓಪನ್ ಗೆದ್ದರು.

ಇದು ಹೊರದೇಶದವರ ಜಗಳ, ನಮಗ್ಯಾಕೆ ಅನ್ನುವವರಿಗೆ ಡ್ಯಾರೆನ್ ಸ್ಯಾಮಿ ನೆನಪಿಸುತ್ತೇನೆ. ವೆಸ್ಟ್ ಇಂಡೀಸ್‌ಗೆ ಎರಡು ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ. ಐಪಿಎಲ್‌ನಲ್ಲಿ ಹೈದರಾಬಾದ್ ತಂಡದಲ್ಲಿದ್ದಾಗ ತನ್ನನ್ನು ಜೊತೆಯವರು 'ಕಾಲೂ' ಅಂತ ಕರೆಯುತ್ತಿದ್ದರು, ಬಲಶಾಲಿ ಅಂತ ಅರ್ಥವಿರಬೇಕು ಅಂದುಕೊಂಡಿದ್ದೆ, ನಿಜವಾದ ಅರ್ಥ (ಹಿಂದಿಯಲ್ಲಿ ಕರಿಯ) ಈಗ ಗೊತ್ತಾಯಿತು ಅಂತ 2020ರಲ್ಲಿ ಹೇಳಿದರು. ಪ್ರೀತಿಯಿಂದಲೇ ಕರೆದಿದ್ದು ಅಂತ ಒಬ್ಬರು ಸಮಜಾಯಿಷಿ ಕೊಟ್ಟರಂತೆ. ನಮ್ಮಲ್ಲೂ ಕರಿಯ ಅಂತ ಪ್ರೀತಿಯಿಂದ ಕರೆಯುವುದುಂಟು. ನನ್ನ ಮಗಳನ್ನೂ ಕರೀತಾರೆ. ಅವಳು ನಗುವುದಿಲ್ಲ.

ಪೋಸ್ಟರ್ ವಿಷಯಕ್ಕೆ ಬರುತ್ತೇನೆ. ಮತ್ತೆ ಬರೆದುಕೊಡುತ್ತೇವೆ, ದುಡ್ಡು ಬೇಡ ಅಂದರು. ಸೆರೆನಾರನ್ನು ನಗುವ ಹಾಗೆ, ಟ್ರೋಫಿ ಹಿಡಿದ ಹಾಗೆ ಮಾಡ್ಲಾ ಅಂತ ಕಲಾವಿದರು ಕೇಳಿದರು. ಬೇಡ, ಸಿಟ್ಟು ಇರಲಿ, ಮುರಿದ ರ‍್ಯಾಕೆಟ್ಟೂ ಇರಲಿ, ಮುಖ ಮಾತ್ರ ಅವರದ್ದಾಗಲಿ ಅಂದೆ. ಈ ಸಲ ನಾನೇ ಹತ್ತು ಫೋಟೋ ಕಳಿಸಿದೆ. ಪೆನ್ಸಿಲ್ ಡ್ರಾಫ್ಟ್ ಬಂದಾಗ ಪೂರ್ತಿ ಚಿತ್ರದ ಜೊತೆ ಪ್ರತಿ ಮುಖವನ್ನೂ ದೊಡ್ಡದಾಗಿ ಕಳಿಸಿ ಅಂತ ಕೇಳಿದೆ. ನೀವೂ ಹಾಗೇ ಕೇಳಿ. ಮೊದಲ ಸಲ ನಾಲ್ಕೂ ಮುಖ ಮೊಬೈಲಿನಲ್ಲಿ ಕಡಲೆಕಾಳಿನಷ್ಟಿದ್ದವು, ಅದಕ್ಕೇ ನಾನು ಓಕೆ ಅಂದಿದ್ದೆ.

ಒಂಬತ್ತು ದಿನಕ್ಕೆ ಹೊಸದು ಬಂತು. ಸೆರೆನಾ ಅಂಪೈರ್ ಕುರ್ಚಿ ಕಡೆ ಬೆರಳು ತೋರಿಸುತ್ತಿದ್ದಾರೆ, ಆ ಬೆರಳು ತೋಳಿಗಿಂತ ಉದ್ದ. ಹುಬ್ಬು ಗಂಟಿಕ್ಕಿದೆ, ದವಡೆ ಬಿಗಿದಿದೆ. ಕೂದಲಲ್ಲಿ ಬಿಳಿ ಮಣಿಗಳು, 1999ರಲ್ಲಿ 17ನೇ ವಯಸ್ಸಿಗೆ ಯುಎಸ್ ಓಪನ್ ಗೆದ್ದಾಗ ಹಾಕಿಕೊಂಡಿದ್ದವು. ಸಿಟ್ಟಿನ ರಭಸಕ್ಕೆ ಮಣಿಗಳು ಚಿಮ್ಮಿ ಚಿತ್ರದ ತುಂಬಾ ಹಾರುತ್ತಿವೆ, ಒಂದು ಮಣಿ ನಡಾಲ್‌ರ ಬಾಟಲನ್ನು ಬೀಳಿಸಿದೆ. ಈ ಮಣಿಯ ಐಡಿಯಾ ಕಲಾವಿದರದ್ದೇ. ಒಸಾಕಾಗೆ ಕಂದು ಬಣ್ಣ, ತುದಿಯಲ್ಲಿ ಮಾತ್ರ ಚಿನ್ನದ ಬಣ್ಣದ ಗುಂಗುರು ಕೂದಲು, ಕಿವಿಗೆ ತಟ್ಟೆಯಷ್ಟಗಲ ಹೆಡ್‌ಫೋನು. ಮಗಳು ನೋಡಿದವಳೇ ಜೋರಾಗಿ ನಕ್ಕಳು, "ಅಯ್ಯೋ ನಡಾಲ್ ಬಾಟಲ್!" ಅಂತ.

ಮೊದಲ ಪೋಸ್ಟರಿಗೆ ಎರಡು ಸ್ಟಾರ್, ಎರಡನೆಯದಕ್ಕೆ ಐದು. ಸೇವೆಗೆ ನಾಲ್ಕು, ಯಾಕಂದ್ರೆ ಹುಟ್ಟುಹಬ್ಬ ಅಷ್ಟರಲ್ಲಿ ಮುಗಿದುಹೋಗಿತ್ತು. ಬೆಲೆ ಸ್ವಲ್ಪ ಜಾಸ್ತಿಯೇ, ಆದರೆ ಕೈಯಿಂದ ಬರೆದ ಕೆಲಸಕ್ಕೆ ನ್ಯಾಯವಾದದ್ದು. ಈಗ ಅವರ ಆರ್ಡರ್ ಫಾರ್ಮಿನಲ್ಲಿ ಪ್ರತಿ ಮುಖಕ್ಕೂ ಮೂರು ಫೋಟೋ ಕೇಳುತ್ತಾರೆ, ಮೊದಲು ಇರಲಿಲ್ಲ. ಹಳೆಯ ಪ್ರಿಂಟ್ ವಾಪಸ್ ಕೇಳಲಿಲ್ಲ. ಅದರಲ್ಲಿದ್ದ ಫೆಡರರ್, ನಡಾಲ್‌ರನ್ನು ಮಗಳು ಕತ್ತರಿಸಿ ಬೀರು ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಉಳಿದರ್ಧವನ್ನು ನಾನೇ ಹರಿದು ಹಾಕಿದೆ.