ಯಾಗಿ, ಮಾಕ್ಸನ್, ಕ್ವಾಡ್: 20 ಮೀಟರ್ ಬ್ಯಾಂಡಿಗೆ ಯಾವ ಬೀಮ್?

ಹವ್ಯಾಸಿ ರೇಡಿಯೋದ 20 ಮೀಟರ್ ಬ್ಯಾಂಡಿಗೆ (14.0ರಿಂದ 14.35 ಮೆಗಾಹರ್ಟ್ಸ್) ಎರಡು ಎಲಿಮೆಂಟಿನ, ಅಂದರೆ ಎರಡು ತಂತಿ ಅಥವಾ ಕೊಳವೆಗಳ, ಮೂರು ಬೀಮ್‌ಗಳನ್ನು (ಒಂದೇ ದಿಕ್ಕಿಗೆ ಸಿಗ್ನಲ್ ಕೂಡಿಸುವ ಆಂಟೆನಾಗಳನ್ನು) ಒಂದೇ ಕಂಬದ ಮೇಲೆ, ಒಂದೇ ಎತ್ತರದಲ್ಲಿ, ಒಂದಾದ ಮೇಲೊಂದರಂತೆ ಕಟ್ಟಿ ನೋಡಿದ್ದೇನೆ. ಯಾಗಿಯ ಎಲಿಮೆಂಟುಗಳು ನೇರ, ಮಾಕ್ಸನ್‌ನವು ತುದಿ ಮಡಚಿದವು, ಕ್ವಾಡ್‌ನವು ಚೌಕದ ಲೂಪುಗಳು. ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಮೊದಲು ವಿಚಾರಿಸುವುದು ಗೇನ್, ಅಂದರೆ ಮುಂದಿನ ದಿಕ್ಕಿಗೆ ಸಿಗ್ನಲ್ ಬಲಗೊಳ್ಳುವುದು, ಎಷ್ಟು ಅಂತ. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಈ ಮೂರರ ನಡುವಿನ ಅಂತರ ಹೆಚ್ಚೆಂದರೆ ಒಂದೆರಡು ಡಿಬಿ (ಡೆಸಿಬೆಲ್). ರಿಸೀವರಿನ ಮೀಟರ್ ಸಿಗ್ನಲ್ ಬಲ ತೋರಿಸುವ ಒಂದು ಮೆಟ್ಟಿಲಿಗೇ, ಅಂದರೆ ಒಂದು ಎಸ್ ಯೂನಿಟ್ಟಿಗೇ, 6 ಡಿಬಿ ಬೇಕು. ಸಿಗ್ನಲ್ ಏರಿಳಿಯುತ್ತಿರುವಾಗ ಆ ವ್ಯತ್ಯಾಸ ಕಿವಿಗೂ ಸಿಗದು, ಮೀಟರಿಗೂ ಸಿಗದು.

ಕಿವಿಗೆ ಸಿಗುವುದು ಬೆನ್ನ ಕಡೆಯ ಮೌನ. ಯಾಗಿಯನ್ನು ತಿರುಗಿಸಿ ಬೆನ್ನು ತೋರಿಸಿದರೆ ಜೋರಾದ ಸ್ಟೇಷನ್ ಎರಡು ಎಸ್ ಯೂನಿಟ್ ಇಳಿಯುತ್ತಿತ್ತು, ಅಷ್ಟೆ. ಮಾಕ್ಸನ್‌ನಲ್ಲಿ ಅದೇ ಸ್ಟೇಷನ್ ನಾಲ್ಕರ ಹತ್ತಿರ ಇಳಿಯಿತು. ಕಾರಣ ಎಲಿಮೆಂಟುಗಳ ಮಡಚಿದ ತುದಿಗಳು. ಹಿಂದಕ್ಕೆ ಹೋಗುವ ಅಲೆ ಅಳಿಯಬೇಕಾದರೆ ಎರಡೂ ಎಲಿಮೆಂಟಿನ ಕರೆಂಟ್ ಹೆಚ್ಚುಕಡಿಮೆ ಸಮವಾಗಿರಬೇಕು. ಯಾಗಿಯ ರಿಫ್ಲೆಕ್ಟರಿಗೆ (ಹಿಂದಿನ ಎಲಿಮೆಂಟಿಗೆ) ಅಷ್ಟು ಕರೆಂಟ್ ದಕ್ಕುವುದಿಲ್ಲ. ಮಾಕ್ಸನ್‌ನಲ್ಲಿ ತುದಿಗಳು ಎದುರುಬದುರಾಗಿ ಸುಮಾರು ಒಂದು ಗೇಣು ದೂರದಲ್ಲಿ ನಿಲ್ಲುವುದರಿಂದ ಆ ಕೊರತೆ ತುಂಬುತ್ತದೆ. ಹಾಗಾಗಿ ಆ ಗೇಣೇ ಈ ಆಂಟೆನಾದ ಜೀವ. ಗಾಳಿಗೆ ತಂತಿ ಜೋತು ಅಂತರ ಬದಲಾದರೆ ಬೆನ್ನ ಮೌನವೂ ಹೋಯಿತು. ತುದಿಗಳ ನಡುವೆ ವಿದ್ಯುತ್ ಹರಿಯದ ಗಟ್ಟಿ ಕಡ್ಡಿ ಕಟ್ಟಲೇಬೇಕು.

ಇನ್ನೂ ಎರಡು ಅನುಕೂಲ. ಯಾಗಿಗೆ ತುದಿಯಿಂದ ತುದಿಗೆ 10 ಮೀಟರ್ ಬೇಕು, ಮಾಕ್ಸನ್‌ಗೆ ಎಂಟು ಮೀಟರಿಗಿಂತ ಕಡಿಮೆ ಸಾಕು. ನನ್ನ ಯಾಗಿಗೆ ಕೇಬಲ್ಲಿನೊಂದಿಗೆ ಹೊಂದಿಸಲು ಹೇರ್‌ಪಿನ್ ಮ್ಯಾಚ್ ಎಂಬ ತಂತಿಕುಣಿಕೆ ಹಾಕಬೇಕಾಯಿತು, ಮಾಕ್ಸನ್ ನೇರವಾಗಿ 50 ಓಮ್ ಕೋಆಕ್ಸ್ ಕೇಬಲ್ ಒಪ್ಪಿಕೊಂಡಿತು. ಒಂದು ಎಚ್ಚರಿಕೆ: ಲೆಕ್ಕ ಹಾಕಿದ ಫ್ರೀಕ್ವೆನ್ಸಿಯಿಂದ ಮೇಲೆ ಹೋದಾಗ ಅದು ನಿಧಾನವಾಗಿ ಕೆಡುತ್ತದೆ, ಕೆಳಗೆ ಇಳಿದರೆ ಬೇಗ ಕೆಡುತ್ತದೆ. ಅದಕ್ಕೇ ಅಳತೆಯನ್ನು ಬ್ಯಾಂಡಿನ ನಡುವಿಗಲ್ಲ, 14.12 ಮೆಗಾಹರ್ಟ್ಸ್ ಆಸುಪಾಸಿಗೆ ಹಿಡಿಯಿರಿ.

ಕ್ವಾಡ್ ಹುಟ್ಟಿದ್ದೇ ಬೇರೆ ಕಷ್ಟದಿಂದ. ಎಕ್ವಡಾರಿನ ಎತ್ತರದ ಕ್ವಿಟೊ ನಗರದ ಎಚ್‌ಸಿಜೆಬಿ ರೇಡಿಯೋ ಕೇಂದ್ರದಲ್ಲಿ ತೆಳುಗಾಳಿಗೆ ಬೀಮಿನ ತುದಿಗಳಿಂದ ಕೊರೋನಾ ಕಿಡಿ (ಗಾಳಿಗೆ ಸೋರುವ ವಿದ್ಯುತ್ತಿನ ಕಿಡಿ) ಹಾರುತ್ತಿದ್ದಾಗ ಅಲ್ಲಿನ ಎಂಜಿನಿಯರ್ ಕ್ಲಾರೆನ್ಸ್ ಮೂರ್ ತುದಿಯೇ ಇಲ್ಲದ ಲೂಪ್ ಕಟ್ಟಿದರು. ಗೇನ್ ಮೂರರಲ್ಲಿ ಇದಕ್ಕೇ ಹೆಚ್ಚು. ಆದರೆ ಒಂದೊಂದು ಬದಿಯೂ ಐದು ಮೀಟರಿಗಿಂತ ಉದ್ದದ ಚೌಕ. ಬಿರುಗಾಳಿಯಲ್ಲಿ ಅದರ ತೋಳುಗಳು ಬಾಗುವುದನ್ನು ಕಂಡ ಮೇಲೆ ಒಂದು ಡಿಬಿಗಾಗಿ ಅಷ್ಟು ಆತಂಕ ಬೇಡವೆನಿಸಿತು.

ಈಗ ಕಂಬದ ಮೇಲಿರುವುದು ಮಾಕ್ಸನ್. ಆರು ಮೀಟರ್ ಬೂಮ್ (ಎಲಿಮೆಂಟುಗಳನ್ನು ಹೊರುವ ನಡುದಂಡ) ತಿರುಗುವಷ್ಟು ಜಾಗ, ಅದನ್ನು ಹೊರುವ ಗೋಪುರ ಇದ್ದವರು ಮಾತ್ರ ಇದನ್ನು ಬಿಟ್ಟು ಮೂರು ಎಲಿಮೆಂಟಿನ ಯಾಗಿಗೇ ಹೋಗಲಿ.