ಆಲ್ಫಾ-ಗ್ಯಾಲಕ್ಟೋಸಿಡೇಸ್ ಮಾತ್ರೆ: ಕೆಲಸ ಮಾಡುತ್ತದೆ, ಆದರೆ ಮೊದಲ ತುತ್ತಿಗೇ ಬೇಕು

ಹೊಟ್ಟೆ ಉಬ್ಬರಕ್ಕೆ ಹೆದರಿ ಹುರುಳಿ ಸಾರು ಬಿಟ್ಟವರು, ಅವರೆಕಾಯಿ ಸೀಸನ್ನಿನಲ್ಲಿ ಮಜ್ಜಿಗೆ ಅನ್ನ ಉಂಡು ಏಳುವವರು ನಮ್ಮಲ್ಲಿ ಜಾಸ್ತಿನೇ ಇದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಮಾತ್ರೆಯಿಂದಾಗಿ ನನ್ನ ತಟ್ಟೆಗೆ ಹಿತಕಿದ ಬೇಳೆ ಸಾರು ವಾಪಸ್ ಬಂದಿದೆ. ರಾತ್ರಿ ಉಂಡು ನೆಮ್ಮದಿಯಾಗಿ ಮಲಗುತ್ತೇನೆ. ಅದಕ್ಕೆ ನಾನು ನಿಜವಾಗಿಯೂ ಋಣಿ.

ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಅನ್ನುವ ಸಕ್ಕರೆಗಳಿರುತ್ತವೆ. ಇವನ್ನು ತುಂಡರಿಸುವ ಎಂಜೈಮ್ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿರುವ ಬ್ಯಾಕ್ಟೀರಿಯಾ ಅವನ್ನು ಹುಳಿಸಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಉಬ್ಬರ ಬರೋದು ಅದರಿಂದಲೇ. ಆ ಕೆಲಸ ಮಾಡುವ ಎಂಜೈಮೇ ಆಲ್ಫಾ-ಗ್ಯಾಲಕ್ಟೋಸಿಡೇಸ್. ಮಾತ್ರೆಯಲ್ಲಿರೋದು ಅದೇ, ಅದನ್ನು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಜರ್ ಅನ್ನುವ ಬೂಸ್ಟಿನಿಂದ ತೆಗೆಯುತ್ತಾರೆ. ಎಂಜೈಮ್ ಈ ಸಕ್ಕರೆಗಳ ತುದಿಯಲ್ಲಿರುವ ಗ್ಯಾಲಕ್ಟೋಸ್ ಅನ್ನುವ ಸಣ್ಣ ಸಕ್ಕರೆಯನ್ನು ಒಂದೊಂದಾಗಿ ಕತ್ತರಿಸುತ್ತದೆ. ಕೊನೆಗೆ ಉಳಿಯೋದು ಮಾಮೂಲಿ ಸಕ್ಕರೆ. ಅದನ್ನು ನಮ್ಮ ಕರುಳೇ ನೋಡಿಕೊಳ್ಳುತ್ತದೆ.

ಈಗ ನನ್ನ ದೊಡ್ಡ ದೂರಿಗೆ ಬರುತ್ತೇನೆ. ಈ ಮಾತ್ರೆ ಊಟದ ಜೊತೆಗೇ ಹೊಟ್ಟೆ ಸೇರಬೇಕು. ಉಬ್ಬರ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಸಕ್ಕರೆ ಕೆಳಗೆ ಇಳಿದಿರುತ್ತದೆ. ಕುದಿಯುವ ಸಾರಿಗೆ ಪುಡಿ ಮಾಡಿ ಹಾಕೋಣ ಅಂದರೆ ಅದೂ ಆಗದು, ಬಿಸಿಗೆ ಎಂಜೈಮ್ ಕೆಡುತ್ತದೆ. ಮನೆಯಲ್ಲಾದರೆ ಸುಲಭ. ತಟ್ಟೆ ಇಟ್ಟು, ನೀರು ಇಟ್ಟು, ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿ ಇಡುತ್ತೇನೆ. ಮೊದಲ ತುತ್ತಿನ ಜೊತೆ ಅಗಿದು ನುಂಗುತ್ತೇನೆ. ಸ್ವಲ್ಪ ಸುಣ್ಣದ ಪುಡಿಯಂಥ ರುಚಿ, ಎರಡನೇ ತುತ್ತಿಗೆ ಮರೆತುಹೋಗುತ್ತದೆ. ಮದುವೆ ಊಟದಲ್ಲಿ ಮಾತ್ರ ಕಷ್ಟ. ಎಲೆಗೆ ಮೊದಲು ಬರೋದೇ ಹೆಸರುಬೇಳೆ ಕೋಸಂಬರಿ, ಹಿಂದೆಯೇ ಕಾಳಿನ ಪಲ್ಯ. ಮಾತ್ರೆ ಜೇಬಿನಲ್ಲಿ ಇರಬೇಕು, ಕೈ ತೊಳೆದು ಕೂರುವಾಗಲೇ ತೆಗೆದಿಟ್ಟುಕೊಳ್ಳಬೇಕು. ಊಟ ಅರ್ಧ ಗಂಟೆ ನಡೆದರೆ ಮಧ್ಯದಲ್ಲಿ ಇನ್ನೊಂದು ಬೇಕಾಗುತ್ತದೆ. ಇಷ್ಟು ಮುಖ್ಯವಾದ ಮಾತನ್ನು ನಾನು ಕೊಂಡ ಡಬ್ಬಿಯ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನು ಓದದೆ ‘ಇದು ಸುಮ್ನೆ ದುಡ್ಡು ದಂಡ’ ಅಂತ ಬಿಟ್ಟವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಬೇಸರವಾಗುತ್ತದೆ.

ಖರ್ಚಿನ ಮಾತು. ಅದು ಒಂದು ಊಟಕ್ಕೆ ಎಷ್ಟು ಎಂಜೈಮ್ ಬೇಕು ಅನ್ನೋದರ ಮೇಲೆ ನಿಂತಿದೆ. 2007ರಲ್ಲಿ ಇಟಲಿಯ ಸಂಶೋಧಕರು ಆರೋಗ್ಯವಂತರಾದ 8 ಜನರಿಗೆ 420 ಗ್ರಾಂ ಬೇಯಿಸಿದ ಬೀನ್ಸ್ ಕೊಟ್ಟು ಈ ಎಂಜೈಮನ್ನು ಪರೀಕ್ಷಿಸಿದ್ದರು. 1200 ಯೂನಿಟ್ (ಎಂಜೈಮಿನ ಶಕ್ತಿಯ ಅಳತೆ) ಕೊಟ್ಟಾಗ ಉಸಿರಿನಲ್ಲಿ ಬರುವ ಹೈಡ್ರೋಜನ್ನೂ ಗ್ಯಾಸೂ ಚೆನ್ನಾಗಿ ಇಳಿದವು. 300 ಯೂನಿಟ್‌ಗೆ ಅಷ್ಟು ಫಲ ಸಿಗಲಿಲ್ಲ. ನನ್ನ ಅನುಭವವೂ ಹಾಗೇ ಇದೆ. ಒಂದು ಸೌಟು ಸಾರಿಗೆ ಒಂದು ಮಾತ್ರೆ ಸಾಕು, ತಟ್ಟೆ ತುಂಬ ಕಾಳಿದ್ದರೆ ಸಾಲದು. ದಿನಾ ಎರಡು ಹೊತ್ತು ಬೇಳೆ ತಿನ್ನುವ ಮನೆಗೆ ಇದು ದುಬಾರಿ.

ಇನ್ನೊಂದು ಸಿಟ್ಟು ‘ಎಲ್ಲ ಬಗೆಯ ಗ್ಯಾಸ್‌ಗೆ’ ಅನ್ನುವ ಜಾಹೀರಾತಿನ ಮೇಲೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರೋದು ಫ್ರಕ್ಟಾನ್ ಅನ್ನುವ ಬೇರೆ ಬಗೆಯ ಸಕ್ಕರೆ ಸರಪಳಿ. ಹಾಲಿನಲ್ಲಿರೋದು ಲ್ಯಾಕ್ಟೋಸ್. ಈ ಎಂಜೈಮ್ ಅವೆರಡನ್ನೂ ಮುಟ್ಟುವುದಿಲ್ಲ. ಸಕ್ಕರೆ ಕತ್ತರಿಸುವ ಎಂಜೈಮ್‌ಗಳದು ದೊಡ್ಡ ಬಳಗ, ನೂರಕ್ಕೂ ಹೆಚ್ಚು ಕುಟುಂಬಗಳಿವೆ. ಒಂದೊಂದರದು ಒಂದೊಂದು ಕೆಲಸ. ಮೆಡಿಕಲ್ ಶಾಪಿನಲ್ಲಿ ‘ಡೈಜೆಷನ್‌ಗೆ ಏನಾದ್ರೂ ಕೊಡಿ’ ಅಂದರೆ ಎಷ್ಟೋ ಸಲ ಡಯಾಸ್ಟೇಸ್, ಪೆಪ್ಸಿನ್ ಇರುವ ಸಿರಪ್ ಕೊಡುತ್ತಾರೆ. ಡಯಾಸ್ಟೇಸ್ ಪಿಷ್ಟಕ್ಕೆ, ಪೆಪ್ಸಿನ್ ಪ್ರೋಟೀನಿಗೆ. ಕಾಳಿನ ಸಕ್ಕರೆಗೆ ಎರಡೂ ಅಲ್ಲ. ಹೆಸರು ಓದಿಯೇ ತಗೊಳ್ಳಿ.

ಬಳಸುತ್ತಾ ಬಳಸುತ್ತಾ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಮೊಳಕೆ ಒಡೆಯುವ ಕಾಳು ಇದೇ ಎಂಜೈಮನ್ನು ಒಳಗೇ ಬಳಸಿ ಆ ಸಕ್ಕರೆಗಳನ್ನು ಕರಗಿಸಿಕೊಳ್ಳುತ್ತದೆ. ಅವು ಅದು ಬೆಳೆಯೋದಕ್ಕೆ ಕೂಡಿಟ್ಟ ಬುತ್ತಿ. ಈಗ ಹುರುಳಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆದು ಒದ್ದೆ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ. ಮಾರನೇ ದಿನ ಗಂಟು ಬಿಚ್ಚಿದರೆ ಬಟ್ಟೆಯ ನೂಲಿನೊಳಗೆ ಬಿಳಿ ಮೊಳಕೆ ನುಗ್ಗಿರುತ್ತದೆ. ಒಂದೊಂದಾಗಿ ಬಿಡಿಸಿಕೊಳ್ಳೋದು ನನಗೆ ಸಂತೋಷದ ಕೆಲಸ. ಮೊಳಕೆ ಹುರುಳಿಯ ಪಲ್ಯಕ್ಕೆ ನಾನು ಮಾತ್ರೆ ತಗೊಳ್ಳುವುದೇ ಇಲ್ಲ.

ಬಸ್ಸಾರು ಮಾತ್ರ ಬೇರೆ ಕಥೆ. ನೆನೆಸಿದ ನೀರನ್ನು ಚೆಲ್ಲಬಹುದು, ಬೇಯಿಸಿದ ಕಟ್ಟನ್ನು ಚೆಲ್ಲೋಕಾಗುತ್ತಾ? ಸಾರಿನ ಜೀವವೇ ಅದು. ಸಕ್ಕರೆ ಬಿಟ್ಟುಕೊಂಡಿರೋದೂ ಅದರಲ್ಲೇ. ಮೊಳಕೆ ಬರಿಸದ ಕಾಳಿನ ಬಸ್ಸಾರಿಗೆ ಮಾತ್ರೆ ಬೇಕೇ ಬೇಕು.

ಗ್ಯಾಲಕ್ಟೋಸೀಮಿಯಾ (ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇರುವವರು ಇದನ್ನು ಮುಟ್ಟಬಾರದು. ಬೂಸ್ಟಿನ ಅಲರ್ಜಿ ಇರುವವರು, ಮಧುಮೇಹಕ್ಕೆ ಅಕಾರ್ಬೋಸ್ ತಗೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಉಳಿದವರು ಚಿಕ್ಕ ಡಬ್ಬಿ ತಗೊಳ್ಳಿ. ಮನೆಗೆ ಒಂದು ಸಾಕು, ನಾಲ್ಕು ಮಾತ್ರೆ ಮಾತ್ರ ಪರ್ಸಿನಲ್ಲಿರಲಿ. ನಾನು ಮುಂದಿನ ಡಬ್ಬಿಯನ್ನು ಡಿಸೆಂಬರಿನಲ್ಲೇ ತರಿಸುತ್ತೇನೆ, ಅವರೆಕಾಯಿ ಮಾರ್ಕೆಟ್ಟಿಗೆ ಬರುವ ಹೊತ್ತಿಗೆ.