ಫ್ಲಕ್ಸ್ ತೊಳೆಯಲು ಯಾವುದು: 99% ಐಪಿಎ, 70% ಐಪಿಎ, ಅಸಿಟೋನ್?

ಬೆಸುಗೆ ಹಾಕಿದ ಎಲೆಕ್ಟ್ರಾನಿಕ್ ಬೋರ್ಡಿನ ಅಂಟಂಟು ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ಪದಾರ್ಥ) ತೆಗೆಯಲು ನನ್ನ ಮೇಜಿನ ಮೇಲೆ ಖಾಯಂ ಜಾಗ 99% ಐಸೊಪ್ರೊಪೈಲ್ ಆಲ್ಕೋಹಾಲಿಗೇ (ಐಪಿಎ). ಉಳಿದೆರಡನ್ನೂ ಬಳಸಿ ನೋಡಿಯೇ ಈ ಮಾತು.

ಅಸಿಟೋನ್ ಹೆಚ್ಚು ಚುರುಕು, ಒಪ್ಪಿದೆ. ಆದರೆ ಎಬಿಎಸ್, ಪಾಲಿಸ್ಟೈರೀನ್, ಅಕ್ರಿಲಿಕ್ ಪ್ಲಾಸ್ಟಿಕ್‌ಗಳಲ್ಲಿ ಯಾವುದನ್ನೂ ಅದು ಬಿಡುವುದಿಲ್ಲ. ಗುಂಡಿಗಳು ಮೆತ್ತಗಾಗುತ್ತವೆ, ಡಿಸ್‌ಪ್ಲೇ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಮಬ್ಬಾಗುತ್ತದೆ.

70% ಐಪಿಎ ಅಗ್ಗ. ಕ್ರಿಮಿ ಕೊಲ್ಲಲು ಅದೇ ಮೇಲು. ಬೋರ್ಡಿಗೆ ಬೇಡ: ಅದರಲ್ಲಿರುವ ನೀರು ಬೋರ್ಡಿನ ಚಿಪ್‌ಗಳ ಅಡಿ ಸೇರಿ ನಿಧಾನವಾಗಿ ಆರುತ್ತದೆ.

99ರ ತಲೆನೋವು ಒಂದೇ, ಆರಿದ ಮೇಲೆ ಮೂಡುವ ಬಿಳಿ ಪೊರೆ. ಬಾಟಲಿ ಕಲಬೆರಕೆಯೆಂದು ಬೈಯುವವರೇ ಹೆಚ್ಚು. ಸಾಮಾನ್ಯವಾಗಿ ತಪ್ಪು ವಿಧಾನದ್ದು. ಆಲ್ಕೋಹಾಲ್ ಫ್ಲಕ್ಸನ್ನು ಕರಗಿಸುತ್ತದೆಯೇ ಹೊರತು ಮಾಯ ಮಾಡುವುದಿಲ್ಲ. ದ್ರವ ಆವಿಯಾದರೆ ಕರಗಿದ್ದೆಲ್ಲ ತೆಳ್ಳಗೆ ಹರಡಿ ಅಲ್ಲೇ ಕೂರುತ್ತದೆ. ಹತ್ತಿಕಡ್ಡಿಯಿಂದ ಒರೆಸಿದರೆ ಆಗುವುದೂ ಇದೇ.

ಬ್ಯಾಟರಿ ತೆಗೆದು, ಬೋರ್ಡ್ ತಣಿದ ಮೇಲೆ ಜಾಗ ಮುಳುಗುವಷ್ಟು ಸುರಿಯಿರಿ, ಬ್ರಷ್‌ನಿಂದ ಅರ್ಧ ನಿಮಿಷ ಉಜ್ಜಿ. ಒದ್ದೆ ಇರುವಾಗಲೇ ಬೋರ್ಡನ್ನು ಓರೆಯಾಗಿಸಿ ಹೊಸ ಐಪಿಎ ಹರಿಸಿ, ಕೆಳ ಅಂಚಿನಲ್ಲಿ ಎಳೆ ಬಿಡದ ಬಟ್ಟೆಯಿಂದ ಹೀರಿಸಿ. ಈ ಎರಡನೇ ಸುರಿತವನ್ನು ಉಳಿತಾಯವೆಂದು ಬಿಟ್ಟರೆ ಪೊರೆ ಖಚಿತ. ಬ್ರಷ್ಷನ್ನು ಬಾಟಲಿಗೆ ಅದ್ದಬೇಡಿ, ಬಟ್ಟಲಲ್ಲಿ ಮಿಕ್ಕಿದ್ದನ್ನು ಮರಳಿ ಸುರಿಯಬೇಡಿ. ಮುಚ್ಚಳ ತೆರೆದಿಟ್ಟರೆ ಐಪಿಎ ಗಾಳಿಯ ತೇವ ಹೀರುತ್ತದೆ. ಆಗ 99 ಎಂಬುದು ಚೀಟಿಯ ಮೇಲಷ್ಟೇ.

‘ನೋ-ಕ್ಲೀನ್’ (ತೊಳೆಯದೆ ಬಿಡಬಹುದಾದ) ಫ್ಲಕ್ಸ್ ಆದರೆ ಪೂರ್ತಿ ತೊಳೆಯಿರಿ, ಇಲ್ಲವೇ ಮುಟ್ಟಲೇಬೇಡಿ. ಅರೆಬರೆ ತೊಳೆದದ್ದು ತೊಳೆಯದೆ ಬಿಟ್ಟದ್ದಕ್ಕಿಂತ ಕೆಟ್ಟದ್ದು. ನೀರಿನಲ್ಲಿ ಕರಗುವ ಫ್ಲಕ್ಸಿಗೆ ಬೇಕಾದದ್ದು ಡಿಅಯೋನೈಸ್ಡ್ (ಕರಗಿದ ಲವಣ ತೆಗೆದ) ನೀರು, ಆಲ್ಕೋಹಾಲ್ ಅಲ್ಲ.

ಬೆಂಕಿಯ ವಿಷಯದಲ್ಲಿ ಐಪಿಎ, ಅಸಿಟೋನ್ ಎರಡೂ ಸಾಧುವಲ್ಲ. ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಐಪಿಎಯಿಂದ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಏಳುತ್ತದೆ, ಅಸಿಟೋನಿನಿಂದ ಮೈನಸ್ 20ರಲ್ಲಿ. ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ತೆವಳಿ ಕಿಡಿಯಿರುವಲ್ಲಿಗೆ ಹೋಗುತ್ತದೆ. ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಆರಿಸಿ, ಕಿಟಕಿ ತೆರೆಯಿರಿ. ನೈಟ್ರೈಲ್ ಕೈಗವಸು ಐಪಿಎ ತಡೆಯುತ್ತದೆ. ಅಸಿಟೋನ್ ಅದನ್ನು ಬೇಗ ದಾಟುತ್ತದೆ, ಅದಕ್ಕೆ ಬ್ಯುಟೈಲ್ ರಬ್ಬರ್ ಬೇಕು. ಬ್ಲೀಚ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಎರಡನ್ನೂ ಬೆರೆಸಲೇಬಾರದು.

ಆಗೊಮ್ಮೆ ಈಗೊಮ್ಮೆ ರಿಪೇರಿ ಮಾಡುವ ನನಗೆ ಅರ್ಧ ಲೀಟರ್ 99% ಐಪಿಎ ಸಾಕಷ್ಟು ಕಾಲ ಬರುತ್ತದೆ. ಅಸಿಟೋನಿನ ಪುಟ್ಟ ಬಾಟಲಿ ಇರುವುದು ಲೋಹಕ್ಕೆ ಅಂಟಿದ ಸೂಪರ್ ಗ್ಲೂ ಬಿಡಿಸಲು ಮಾತ್ರ.